ತಮಟೆಯವನನ್ನು ಯಾರೂ ಕೇಳಲಿಲ್ಲ

ಪತ್ರಿಕೆ ತೆಗೆದರೆ ಕಲಾವಿದರ ಸಂದರ್ಶನ. ರೇಡಿಯೋ ಹಾಕಿದರೆ ಕಲಾವಿದರ ಸಂದರ್ಶನ. ಸಭೆಗೆ ಹೋದರೆ ಅಲ್ಲೂ ಕಲಾವಿದರೊಂದಿಗೆ ಮಾತುಕತೆ. ಮೊದಲ ಪ್ರಶ್ನೆ ಮಾತ್ರ ಎಲ್ಲ ಕಡೆಯೂ ಒಂದೇ: ಈ ಕಲೆಯ ಕಡೆಗೆ ನಿಮಗೆ ಒಲವು ಹೇಗೆ ಬಂತು? ಬಹಳ ಸಭ್ಯವಾದ ಪ್ರಶ್ನೆ. ಆದರೆ ಈ ಪ್ರಶ್ನೆಯ ಹೊಟ್ಟೆಯೊಳಗೆ ಒಂದು ನಂಬಿಕೆ ಕೂತಿದೆ. ಕಲೆಯನ್ನು ಮನುಷ್ಯ ತಾನಾಗಿ ಆರಿಸಿಕೊಳ್ಳುತ್ತಾನೆ, ಬೇಕಾದರೆ ಹಿಡಿಯುತ್ತಾನೆ, ಬೇಡವಾದರೆ ಬಿಡುತ್ತಾನೆ ಎಂಬ ನಂಬಿಕೆ. ಇದು ಮನೆಯಲ್ಲಿ ವೀಣೆ ಇದ್ದವರ ನಂಬಿಕೆ.

ಅದೇ ಪ್ರಶ್ನೆಯನ್ನು ಕೇರಿಯ ತಮಟೆಯವನಿಗೆ ಹಾಕಿ ನೋಡಿ. ಒಲವೆಲ್ಲಿಂದ ಬರ್‍ತದೆ ಸ್ವಾಮಿ, ನಮ್ಮಪ್ಪ ಹೋಗ್ತಿದ್ದ, ಅವನು ಸತ್ತ ಮೇಲೆ ಊರ್ನೋರು ನನ್ನ ಬಾ ಅಂದ್ರು, ಹೋದೆ ಎಂದಾನು. ಜೀತ ಬಂದ ದಾರಿಯಲ್ಲೇ ಅವನಿಗೆ ಕಲೆಯೂ ಬಂದದ್ದು. ನಮ್ಮ ಜನರ ಕಲಾ ಚರಿತ್ರೆ ಬರೆಯಬೇಕಾದರೆ ಇಲ್ಲಿಂದ ಶುರು ಮಾಡಬೇಕು. ಯಾರು ಯಾವ ಕಲೆ ಕಲಿತರು ಎಂಬುದಕ್ಕಿಂತ ಮೊದಲು, ಯಾರಿಗೆ ಬೇಡ ಎನ್ನುವ ಹಕ್ಕಿತ್ತು ಎಂದು ಕೇಳಬೇಕು.

ಬೆಳ್ಳಂದೂರನ್ನೇ ತೆಗೆದುಕೊಳ್ಳೋಣ. ಒಂದೇ ತಲೆಮಾರಿನ ಕಣ್ಣೆದುರಿಗೆ ಗದ್ದೆಯಿಂದ ಗಾಜಿನ ಕಟ್ಟಡಕ್ಕೆ ಬಂದ ಊರು ಇದು. ಇಂದು ಬೆಳ್ಳಂದೂರು ಎಂದರೆ ಔಟರ್ ರಿಂಗ್ ರೋಡು, ಟೆಕ್ ಪಾರ್ಕು, ಅಪಾರ್ಟ್‌ಮೆಂಟು, ನೊರೆ ಕಾರುವ ಕೆರೆ ಎಂದೇ ಲೋಕಕ್ಕೆ ಗೊತ್ತು. 2017ರ ಫೆಬ್ರುವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ, ಆ ಕೆರೆಗೇ ಬೆಂಕಿ ಬಿದ್ದಾಗ ದೇಶವೆಲ್ಲ ತಿರುಗಿ ನೋಡಿತು. ಆದರೆ ಸುಮಾರು 900 ಎಕರೆಯ ಆ ಕೆರೆ ಮೊದಲು ಭತ್ತ ಬೆಳೆಸುತ್ತಿದ್ದ ಕೆರೆ. ಏರಿ, ತೂಬು, ಕೋಡಿ ಇದ್ದ ಕೆರೆ. ಹಳೇ ಮೈಸೂರು ಸೀಮೆಯಲ್ಲಿ ಕೆರೆ ಇದ್ದ ಕಡೆ ನೀರಗಂಟಿ ಇದ್ದ, ತೋಟಿ ಇದ್ದ, ತಳವಾರ ಇದ್ದ. ತೂಬು ಎತ್ತುವ ದಿನ ಊರಿಗೆ ಸಾರಬೇಕು, ಕಂದಾಯದ ಅಧಿಕಾರಿ ಬರುವುದನ್ನು ಸಾರಬೇಕು, ಹಬ್ಬ ಸಾರಬೇಕು, ಸತ್ತವರ ಮುಂದೆ ನಡೆಯಬೇಕು. ಅದಕ್ಕೆ ತಮಟೆ. ಅದಕ್ಕೆ ಕೇರಿ.

ಇದನ್ನು ಆ ಕಾಲದಲ್ಲಿ ಯಾರೂ ಕಲೆ ಎನ್ನಲಿಲ್ಲ. ಊರ ಚಾಕರಿ ಎಂದರು. ಸುಗ್ಗಿಯ ಕಣದಲ್ಲಿ ಒಂದಿಷ್ಟು ಧಾನ್ಯದ ಆಯ, ಕೆಲವು ಕಡೆ ಒಂದು ತುಂಡು ಇನಾಮು ಭೂಮಿ, ಉಳಿದಂತೆ ಹಿತ್ತಿಲ ಬಾಗಿಲಲ್ಲಿ ಎತ್ತರದಿಂದ ಸುರಿದ ಅನ್ನ. ಅಪ್ಪನಾದ ಮೇಲೆ ಮಗ. ಸಂಬಳವಿಲ್ಲ, ರಜೆಯಿಲ್ಲ, ರಾಜೀನಾಮೆಯಂತೂ ಇಲ್ಲವೇ ಇಲ್ಲ. ಚರ್ಮ ಮುಟ್ಟಿದವನು ಮೈಲಿಗೆ, ಚರ್ಮದ ಸದ್ದು ಮಂಗಳ. ದೇವರ ಮುಂದೆ ಬಾರಿಸಬಹುದು, ದೇವರ ಗುಡಿಯ ಒಳಗೆ ಕಾಲಿಡುವಂತಿಲ್ಲ. ಇಂಥ ವ್ಯವಸ್ಥೆಯನ್ನು ಗ್ರಾಮೀಣ ಸಾಮರಸ್ಯ ಎಂದು ಹಾಡಿ ಹೊಗಳುವ ಪಂಡಿತರು ಈಗಲೂ ಇದ್ದಾರೆ.

ಆದರೆ ಇದರೊಳಗೆ ಒಂದು ವಿದ್ಯೆ ಬೆಳೆಯಿತು ಎಂಬುದನ್ನು ನಾವೂ ಮರೆಯಬಾರದು. ಚರ್ಮ ಹದ ಮಾಡುವುದು, ಬಳೆಗೆ ಬಿಗಿಯುವುದು, ಬಾರಿಸುವ ಮುಂಚೆ ಹುಲ್ಲಿನ ಉರಿಗೆ ಹಿಡಿದು ಕಾಯಿಸುವುದು, ಬೆರಳು ತಾಕಿಸಿ ನಾದ ಏರಿತೋ ಇಲ್ಲವೋ ಎಂದು ಕಿವಿಯಲ್ಲೇ ಅಳೆಯುವುದು. ಒಂದು ಕೈಯಲ್ಲಿ ಗಿಡ್ಡನೆಯ ದಪ್ಪ ಕಡ್ಡಿ, ಇನ್ನೊಂದು ಕೈಯಲ್ಲಿ ತೆಳ್ಳನೆಯ ಉದ್ದ ಕಡ್ಡಿ. ಸಾವಿಗೆ ಒಂದು ಗತ್ತು, ಮದುವೆಗೆ ಒಂದು, ದೇವರ ಮುಂದೆ ಕುಣಿತಕ್ಕೆ ಮತ್ತೊಂದು. ದೂರದ ಹೊಲದಲ್ಲಿ ಕಳೆ ಕೀಳುವವರು ಸದ್ದು ಕೇಳಿಯೇ ಊರಲ್ಲಿ ಏನಾಯಿತು ಎಂದು ತಿಳಿಯುತ್ತಿದ್ದರು. ಇಷ್ಟು ಕಲಿಯಲು ಎಷ್ಟು ವರ್ಷ ಬೇಕು, ಯಾರು ಹೇಳಿಕೊಟ್ಟರು, ಕೈ ತಪ್ಪಿದರೆ ಏನಾಗುತ್ತಿತ್ತು? ಸಂಗೀತದ ಮೇಲೆ ಶಾಸ್ತ್ರ ಬರೆದವರು ಇದನ್ನು ಕೇಳಲಿಲ್ಲ. ತಾಳಕ್ಕೆ ಲೆಕ್ಕವಿಟ್ಟರು, ತಮಟೆಗೆ ಕಿವಿ ಮುಚ್ಚಿದರು.

ಹಾಗಾದರೆ ಕೇಳಿದವರು ಯಾರೂ ಇಲ್ಲವೇ? ಇದ್ದಾರೆ. ಅವರು ಹಾಡು ಕೇಳಿದರು. ಬ್ರಿಟಿಷ್ ಅಧಿಕಾರಿ ಜಾನ್ ಫ್ಲೀಟ್ ನಮ್ಮ ಲಾವಣಿಗಳನ್ನು ಕೂಡಿಹಾಕಿ 1885ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದ. ಸಂಗೊಳ್ಳಿ ರಾಯಣ್ಣನ ಹಾಡು, 1857ರಲ್ಲಿ ಆಯುಧ ಒಪ್ಪಿಸುವುದಿಲ್ಲ ಎಂದ ಹಲಗಲಿ ಬೇಡರ ಹಾಡು. ಬೇಡರನ್ನು ಕೊಂದದ್ದೂ ಆ ಸರ್ಕಾರವೇ, ಅವರ ಹಾಡನ್ನು ಕಾಗದದಲ್ಲಿ ಕಾಪಿಟ್ಟದ್ದೂ ಆ ಸರ್ಕಾರದ ನೌಕರನೇ. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ತಂದರು. ಅದು ದೊಡ್ಡ ಕೆಲಸ, ಕನ್ನಡ ಕಾವ್ಯದ ಕಿವಿಯನ್ನೇ ತೊಳೆದ ಕೆಲಸ. ಆದರೂ ಆ ಹೆಸರನ್ನು ಇನ್ನೊಮ್ಮೆ ಓದಿ. ಬೀಸುವ ಕಲ್ಲಿನ ಮುಂದೆ ಕೂತು ಹಾಡಿದ ಹೆಂಗಸರೆಲ್ಲ ಸೇರಿ ಒಬ್ಬ ‘ಗರತಿ’ಯಾದರು. ಅವಳ ಊರು, ಅವಳ ಕೂಲಿ, ಅವಳ ಹಸಿವು ಯಾವುದೂ ಆ ಒಂದು ಮಾತಿನಲ್ಲಿ ಇಲ್ಲ. ಹಾಡು ಜನಪದದ್ದಾಯಿತು, ಹಾಡಿದವಳು ಅನಾಮಿಕಳಾದಳು.

ಕೇಳುವ ಬಗೆ ಬೇರೆಯಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಂತೆಯೇ ನೊಂದ ಇನ್ನೊಂದು ಜನದ ಕತೆ ನೋಡಿ. 1941ರಲ್ಲಿ ಅಮೆರಿಕದ ಮಿಸಿಸಿಪ್ಪಿಯ ಸ್ಟೋವಾಲ್ ಎಂಬ ಹತ್ತಿ ತೋಟಕ್ಕೆ ಇಬ್ಬರು ಬಂದರು. ಒಬ್ಬ ಬಿಳಿಯ, ಅಲನ್ ಲೋಮ್ಯಾಕ್ಸ್. ಇನ್ನೊಬ್ಬ ಕರಿಯ ವಿದ್ವಾಂಸ, ಫಿಸ್ಕ್ ವಿಶ್ವವಿದ್ಯಾಲಯದ ಜಾನ್ ವರ್ಕ್. ಅಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ ಒಬ್ಬ ಕರಿಯ ಕೂಲಿಯ ಹಾಡನ್ನು ಯಂತ್ರದಲ್ಲಿ ಹಿಡಿದುಕೊಂಡರು. ಹಿಡಿದುಕೊಂಡು ಸುಮ್ಮನೆ ಹೋಗಲಿಲ್ಲ, ಈ ಹಾಡನ್ನು ಯಾವಾಗ ಕಟ್ಟಿದೆ, ಹೇಗೆ ಕಟ್ಟಿದೆ, ಯಾರಿಂದ ಕಲಿತೆ ಎಂದು ಕೇಳಿದರು. ಕಾರಿನ ಪಂಕ್ಚರ್ ಹಾಕುತ್ತಿದ್ದಾಗ ಕಟ್ಟಿದೆ ಎಂದು ಅವನು ಉತ್ತರ ಕೊಟ್ಟ. ಆ ತೋಟದಲ್ಲಿ ಅವನು ಹತ್ತಿ ಕೀಳುವ ಕೈ, ಆ ಮಾತುಕತೆಯಲ್ಲಿ ಅವನು ಹಾಡು ಕಟ್ಟುವ ಮನುಷ್ಯ. ತನ್ನ ದನಿಯನ್ನು ತಾನೇ ಕೇಳಿಸಿಕೊಂಡ ಮೇಲೆ, 1943ರಲ್ಲಿ ತೋಟ ಬಿಟ್ಟು ಶಿಕಾಗೋಗೆ ಹೋದ. ಅವನೇ ಮುಂದೆ ಮಡಿ ವಾಟರ್ಸ್ ಎಂದು ಲೋಕಕ್ಕೆಲ್ಲ ಗೊತ್ತಾದವನು. ಇದರಲ್ಲೂ ಒಂದು ವ್ಯಂಗ್ಯ ಉಂಟು. ಲೋಮ್ಯಾಕ್ಸ್‌ನ ಹೆಸರು ಬೆಳೆಯಿತು. ಜಾನ್ ವರ್ಕ್ ಬರೆದಿಟ್ಟದ್ದು ಪುಸ್ತಕವಾಗಿ ಹೊರಬರಲು 2005 ಬರಬೇಕಾಯಿತು. ಕೇಳುವವನಿಗೂ ಬಣ್ಣವಿದೆ. ನಮ್ಮಲ್ಲಿ ಅದಕ್ಕೆ ಜಾತಿ ಎನ್ನುತ್ತಾರೆ.

ನಮ್ಮ ನಾಡಿನಲ್ಲಿ ಚಾಕರಿಯ ಬೇರನ್ನು ಮೊದಲು ಹಿಡಿದು ಅಲ್ಲಾಡಿಸಿದವರು ಬಾಬಾಸಾಹೇಬರು. 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಮಹಾರರ ವತನದ ಪದ್ಧತಿಯ ವಿರುದ್ಧ ಮಸೂದೆ ತಂದರು. ಬೆಳಗಾವಿ, ಧಾರವಾಡ, ವಿಜಾಪುರ ಆಗ ಆ ಪ್ರಾಂತ್ಯದಲ್ಲೇ ಇದ್ದವು. ತುಂಡು ಭೂಮಿಯ ಆಸೆ ತೋರಿಸಿ ಇಡೀ ಜಾತಿಯನ್ನು ಊರಿಗೆ ಕಟ್ಟಿಹಾಕುವ ಹಗ್ಗ ಅದು ಎಂಬುದು ಅವರಿಗೆ ಗೊತ್ತಿತ್ತು. ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳ ರದ್ಧತಿ ಕಾಯ್ದೆ ಆದದ್ದು 1961ರಲ್ಲಿ, ಜಾರಿಗೆ ಬಂದದ್ದು 1963ರಲ್ಲಿ. ಕಾಗದದ ಮೇಲೆ ತೋಟಿಕೆ ಹೋಯಿತು. ಊರ ಮನಸ್ಸಿನಿಂದ ಹೋಗಲಿಲ್ಲ. ಹೆಣ ಎತ್ತುವ ದಿನ ಕೇರಿಗೆ ಕರೆ ಬರುವುದು ನಿಲ್ಲಲಿಲ್ಲ.

ಅದನ್ನು ನಿಲ್ಲಿಸಲು ಹೊರಟದ್ದು ಚಳವಳಿ. 1973ರ ಬೂಸಾ ಪ್ರಕರಣದ ಬೆಂಕಿಯಲ್ಲಿ ನಮ್ಮ ಹುಡುಗರು ಎಚ್ಚೆತ್ತರು. ದಲಿತ ಸಂಘರ್ಷ ಸಮಿತಿ ಹುಟ್ಟಿತು. 1975ರಲ್ಲಿ ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು, ಅದೇ ವರ್ಷ ‘ಸಮುದಾಯ’ ಹುಟ್ಟಿತು. ಆಗ ಕೇರಿಗಳಲ್ಲಿ ಒಟ್ಟೊಟ್ಟಿಗೆ ಎರಡು ಸಂಗತಿ ನಡೆದವು. ಒಂದು ಕಡೆ, ಇನ್ನು ಮೇಲೆ ನಿಮ್ಮ ಹೆಣಕ್ಕೆ ತಮಟೆ ಹೊಡೆಯುವುದಿಲ್ಲ ಎಂದರು. ಹಾಗೆ ಅಂದದ್ದಕ್ಕೆ ಬಹಿಷ್ಕಾರ ತಿಂದರು. ಕೂಲಿ ಹೋಯಿತು, ಅಂಗಡಿಯಲ್ಲಿ ಉಪ್ಪು ಹುಟ್ಟಲಿಲ್ಲ. ಇನ್ನೊಂದು ಕಡೆ, ಅದೇ ತಮಟೆಯನ್ನು ಮೆರವಣಿಗೆಯ ಮುಂದೆ ಹಿಡಿದರು. ಮೇಲ್ಜಾತಿಯ ವಿಮರ್ಶಕರು ಇದನ್ನು ವಿರೋಧಾಭಾಸ ಎಂದು ನಕ್ಕರು. ವಿರೋಧಾಭಾಸ ಎಲ್ಲಿಂದ ಬಂತು? ಬೇಡ ಎಂದು ಹೇಳಿದವನಿಗೆ ಮಾತ್ರ ಬೇಕು ಎಂದು ಹೇಳುವ ಅಧಿಕಾರ. ತಮಟೆ ಕಲೆಯಾದದ್ದು ಆ ದಿನ, ಅದನ್ನು ಕೆಳಗಿಟ್ಟ ದಿನ. ಯಾವ ಅಕಾಡೆಮಿಯೂ ಅದನ್ನು ಕಲೆ ಮಾಡಲಿಲ್ಲ.

ಆಮೇಲೆ ಗೌರವಗಳು ಬಂದವು, ಬರಲಿ. ಬುಡ್ಗ ಜಂಗಮರ ಅಲೆಮಾರಿ ಕುಲದಲ್ಲಿ ಹುಟ್ಟಿ ಮಹಾಕಾವ್ಯಗಳನ್ನೇ ನಾಲಗೆಯ ಮೇಲೆ ಹೊತ್ತು ತಿರುಗಿದ ದರೋಜಿ ಈರಮ್ಮನವರಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಎಂದಿತು. ಅವರು 2014ರಲ್ಲಿ ತೀರಿಕೊಂಡರು. ಜೋಗತಿ ಮಂಜಮ್ಮ 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಮುನಿವೆಂಕಟಪ್ಪನವರಿಗೆ 2022ರಲ್ಲಿ ಪದ್ಮಶ್ರೀ. ಒಬ್ಬ ತಮಟೆಯವನ ಹೆಸರು ದಿಲ್ಲಿಯ ಪಟ್ಟಿಯಲ್ಲಿ ಓದಿ ನಮ್ಮ ಕೇರಿಗಳಲ್ಲಿ ಕಣ್ಣು ತುಂಬಿಕೊಂಡವರಿದ್ದಾರೆ. ಅದನ್ನು ಯಾರೂ ಸಣ್ಣದು ಮಾಡಬೇಕಾಗಿಲ್ಲ.

ಆದರೆ ಪ್ರಶಸ್ತಿಯ ಮರುದಿನ ಮೈಕು ಹಿಡಿದು ಬಂದವರು ಕೇಳುವುದು ಮತ್ತೆ ಅದೇ ಹಳೆಯ ಪ್ರಶ್ನೆ: ಒಲವು ಹೇಗೆ ಬಂತು? ಮಂಜಮ್ಮನವರ ಬದುಕನ್ನು ಅವರ ಮಾತಿನಿಂದಲೇ ಅರುಣ್ ಜೋಳದಕೂಡ್ಲಿಗಿ ‘ನಡುವೆ ಸುಳಿವ ಹೆಣ್ಣು’ ಎಂಬ ಪುಸ್ತಕಕ್ಕೆ ತಂದರು. ಅದನ್ನು ಓದಿದವರಿಗೆ ಗೊತ್ತು. ಮನೆಯಿಂದ ಹೊರಬಿದ್ದವರಿಗೆ, ಭಿಕ್ಷೆ ಎತ್ತಿದವರಿಗೆ, ಸಾಯಲು ಹೊರಟವರಿಗೆ ಕಲೆ ಎನ್ನುವುದು ಒಲವಾಗುವ ಮೊದಲು ಅನ್ನವಾಗಿರುತ್ತದೆ. ಸಂದರ್ಶನಕ್ಕೂ ಬದುಕು ಬರೆಸಿಕೊಳ್ಳುವುದಕ್ಕೂ ಇರುವ ಅಂತರ ಇಲ್ಲಿದೆ. ಸಂದರ್ಶನದಲ್ಲಿ ಕೇಳುವವನು ಅವಸರದಲ್ಲಿರುತ್ತಾನೆ. ಬದುಕು ಬರೆಸಿಕೊಳ್ಳುವಾಗ ಹೇಳುವವರು ದಾರಿ ತೋರಿಸುತ್ತಾರೆ.

ಮತ್ತೆ ಬೆಳ್ಳಂದೂರಿಗೆ ಬರೋಣ. ತೂಬಿಲ್ಲ, ಗದ್ದೆಯಿಲ್ಲ, ಸಾರುವವನೂ ಬೇಕಿಲ್ಲ. ಆದರೆ ತಮಟೆ ಹೋಗಿಲ್ಲ. ಗಣೇಶನ ಹಬ್ಬ ಬಂದರೆ, ಊರ ದೇವತೆಯ ಉತ್ಸವ ಬಂದರೆ, ಕಂಪನಿಗಳಲ್ಲಿ ರಾಜ್ಯೋತ್ಸವ ಬಂದರೆ ಗಾಜಿನ ಕಟ್ಟಡಗಳ ನಡುವೆ ಅದೇ ಸದ್ದು. ಬಾರಿಸುವ ಹುಡುಗರಲ್ಲಿ ಕೋಲಾರ, ಮುಳಬಾಗಿಲು, ಚಿಂತಾಮಣಿ ಕಡೆಯವರನ್ನು ಹುಡುಕಬೇಕಾಗಿಲ್ಲ. ಚರ್ಮದ ಜಾಗದಲ್ಲಿ ಪ್ಲಾಸ್ಟಿಕ್ಕಿನ ಹಾಳೆ ಬಂದಿದೆ, ಉರಿಗೆ ಕಾಯಿಸುವ ಕೆಲಸವಿಲ್ಲ, ಆಯದ ಜಾಗದಲ್ಲಿ ಅಡ್ವಾನ್ಸು, ಪಟೇಲನ ಜಾಗದಲ್ಲಿ ಈವೆಂಟ್ ಮ್ಯಾನೇಜರು. 2018ರ ಜೂನ್‌ನಿಂದ ಈ ಕೆರೆಯ ಕಣಿವೆಯಲ್ಲಿ ಎರಡು ಹಂತಕ್ಕೆ ಶುದ್ಧ ಮಾಡಿದ ಬೆಂಗಳೂರಿನ ಕೊಳಚೆ ನೀರು ಕೊಳವೆಯಲ್ಲಿ ಕೋಲಾರದ ಕೆರೆಗಳಿಗೆ ಹೋಗತೊಡಗಿತು. ಬಳಸಿ ಬಿಟ್ಟ ನೀರು ಅತ್ತ ಹೋಗುತ್ತದೆ, ಬರ ಬಿದ್ದ ನೆಲದ ತಮಟೆಯ ಕೈಗಳು ಇತ್ತ ಬರುತ್ತವೆ. ಈ ವ್ಯಾಪಾರದಲ್ಲಿ ಲಾಭ ಯಾರದು ಎಂದು ಲೆಕ್ಕ ಹಾಕುವುದು ಕಷ್ಟವಲ್ಲ.

ಹಾಗೆಂದು ಎಲ್ಲವೂ ಹಳೆಯದೇ ಎಂದರೆ ತಪ್ಪಾಗುತ್ತದೆ. ಇವತ್ತಿನ ಹುಡುಗ ರೇಟು ಕೇಳಬಲ್ಲ, ಒಪ್ಪದಿದ್ದರೆ ಫೋನು ಇಡಬಲ್ಲ. ಇದು ಅವನ ಅಜ್ಜನಿಗೆ ಇರಲಿಲ್ಲ. ಕೋಲಾರದ ತೇರಹಳ್ಳಿ ಬೆಟ್ಟದಲ್ಲಿ ಆದಿಮ ಕಟ್ಟಿದವರು ಹುಣ್ಣಿಮೆಯ ಬೆಳಕಿನಲ್ಲಿ ಹಾಡು, ನಾಟಕ ಮಾಡಿಸಿ, ಕೇರಿಯ ಮಕ್ಕಳು ಬಿಟ್ಟಿಯ ಭಯವಿಲ್ಲದೆ ಬಾರಿಸಬಹುದು ಎಂದು ತೋರಿಸಿದ್ದಾರೆ. ಹೆಣ್ಣುಮಕ್ಕಳೂ ತಮಟೆ ಹಿಡಿದಿದ್ದಾರೆ. ಇವರ ಮುಂದಿನ ಹತ್ತು ವರ್ಷ ಏನಾಗುತ್ತದೆ ಎಂಬುದೇ ಈಗಿನ ಪ್ರಶ್ನೆ. ಬದುಕು ಸಾಗಿಸುವಷ್ಟು ಈ ಕಸುಬಿನಲ್ಲಿ ದುಡಿಮೆ ಇದೆಯೇ, ಇಲ್ಲವೇ ಹಬ್ಬ ಮುಗಿದ ಮೇಲೆ ಸೆಕ್ಯುರಿಟಿ ಗಾರ್ಡಿನ ಟೋಪಿಯೇ?

ಇದಕ್ಕೆ ಉತ್ತರ ಬೇಕಾದರೆ ಕೇಳಬೇಕು. ಹಳ್ಳಿಯ ಶಾಲೆಯಲ್ಲಿ ಪಾಠ ಹೇಳುವ ಗೆಳೆಯರೇ, ಹಾಸ್ಟೆಲಿನಲ್ಲಿ ಓದುವ ತಮ್ಮಂದಿರೇ, ತಂಗಿಯರೇ, ಈ ಕೆಲಸ ನಮ್ಮದು. ಪದವಿ ಪಡೆದ ಮೊದಲ ತಲೆಮಾರಿನವರಾದ ನಮ್ಮನ್ನು ಕವಿಗೋಷ್ಠಿಯಲ್ಲಿ ಕೂರಿಸಿ ಕಾವ್ಯ ಹೇಗೆ ಬಂತು ಎಂದು ಕೇಳುತ್ತಾರೆ. ನಮ್ಮ ದೊಡ್ಡಪ್ಪನನ್ನು, ಸೋದರತ್ತೆಯನ್ನು ಯಾರೂ ಕೂರಿಸಲಿಲ್ಲ. ಒಂದು ನೋಟ್‌ಬುಕ್ ತೆಗೆದುಕೊಂಡು ಅವರ ಮುಂದೆ ಕೂರೋಣ. ಒಲವಿನ ಪ್ರಶ್ನೆ ಕೊನೆಗಿರಲಿ. ಯಾರು ಕರೆದರು? ಎಷ್ಟು ಕೊಟ್ಟರು? ಎಲ್ಲಿ ನಿಲ್ಲಿಸಿದರು? ಊಟ ಎಲ್ಲಿ ಹಾಕಿದರು? ಯಾವತ್ತಾದರೂ ಬರುವುದಿಲ್ಲ ಎಂದದ್ದುಂಟೇ? ಅಂದಾಗ ಏನಾಯಿತು? ಮಗಳು ಬಾರಿಸುತ್ತೇನೆ ಎಂದರೆ ಏನು ಹೇಳುವೆ?

ಹೇಳಿದವರು ಒಪ್ಪಿದರೆ ಮಾತ್ರ ಹೆಸರು ಬರೆಯಿರಿ. ಒಪ್ಪಿದ ಮೇಲೆ ಪೂರ್ತಿ ಬರೆಯಿರಿ, ಊರಿನೊಂದಿಗೆ, ವರ್ಷದೊಂದಿಗೆ. ಅವತ್ತಿನ ಕೂಲಿ ತಪ್ಪಿಸಿ ಮಾತಾಡಿಸಿದರೆ ಆ ಕೂಲಿ ಕೊಡಿ. ಬರೆದದ್ದನ್ನು ಅವರ ಮುಂದೆ ಗಟ್ಟಿಯಾಗಿ ಓದಿ. ಹಂಗಲ್ಲ ಕಣಪ್ಪಾ, ಹಿಂಗೆ ಅಂದರೆ ಅವರು ಹೇಳಿದಂತೆ ತಿದ್ದಿ.