ಕಾರ್ಖಾನೆ ಮುಚ್ಚಿದ ಮೇಲೂ ಓಡುವ ಜಾವಾ

ಜೆಕೊಸ್ಲೊವಾಕಿಯಾದ ಪರವಾನಗಿ ಪಡೆದು 1961ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಜಾವಾ ಮತ್ತು ನಂತರ ಬಂದ ಯೆಜ್ಡಿ, ಎರಡಕ್ಕೂ ಕಾರ್ಖಾನೆಯ ಬಿಡಿಭಾಗಗಳು ಬರುವುದು ನಿಂತಿತು. ಆದರೂ ಬೈಕುಗಳೆಲ್ಲ ಗುಜರಿ ಸೇರಲಿಲ್ಲ.

ಇದಕ್ಕೆ ಮುಖ್ಯ ಕಾರಣ ಅವುಗಳ ಸರಳ ರಚನೆ. ಈ ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ವಾಲ್ವ್‌ಗಳಿಲ್ಲ. ಸಿಲಿಂಡರ್ ಸವೆದರೆ ಬೋರ್ ಮಾಡಿಸಿ, ತುಸು ದೊಡ್ಡ ಅಳತೆಯ ಪಿಸ್ಟನ್ ಕೂರಿಸಬಹುದು. ಪ್ಯಾಕಿಂಗ್ ಸಿಗದಿದ್ದರೆ ಅದರ ಹಾಳೆಯನ್ನು ಎಂಜಿನ್ ಕವಚದ ಮೇಲಿಟ್ಟು ಅಂಚಿನುದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾರೆ. ಮೂಡಿದ ಗುರುತಿನಂತೆ ಕತ್ತರಿಸಿದರೆ ಹೊಸ ಪ್ಯಾಕಿಂಗ್ ಸಿದ್ಧ. ಸವೆದ ಬುಷ್ ಒಯ್ದು ಕೊಟ್ಟರೆ ಲೇತ್ ಅಂಗಡಿಯ ಟರ್ನರ್ ಅಂಥದೇ ಇನ್ನೊಂದನ್ನು ಕಡೆದುಕೊಡುತ್ತಾರೆ.

ಕಷ್ಟವಿರುವುದು ವಿಶೇಷ ಉಪಕರಣಗಳಲ್ಲಿ. ಡೈನಮೊದ ರೋಟರ್, ಕ್ರ್ಯಾಂಕ್ ಶಾಫ್ಟ್‌ನ ಚೂಪಾಗುತ್ತ ಹೋಗುವ ತುದಿಯಲ್ಲಿ ಬಿಗಿದುಕೊಂಡಿರುತ್ತದೆ. ಸುತ್ತಿಗೆಯಿಂದ ಹೊಡೆದರೆ ಶಾಫ್ಟ್ ಹಾಳಾದೀತು. ಆದ್ದರಿಂದ ಹವ್ಯಾಸಿಗಳು ಸರಿಯಾದ ಮರೆಯ ಬೋಲ್ಟನ್ನು ಕಡೆಸಿ, ಅದನ್ನೇ ಪುಲ್ಲರ್‌ನಂತೆ ಬಳಸುತ್ತಾರೆ.

2018ರಲ್ಲಿ ಜಾವಾ ಹೆಸರಿನ ಹೊಸ ಬೈಕುಗಳು ಬಂದವು. ಆದರೆ ಅವುಗಳದು ಫೋರ್ ಸ್ಟ್ರೋಕ್ ಎಂಜಿನ್. ಅದರ ಭಾಗಗಳು ಹಳೆಯದಕ್ಕೆ ಹೊಂದುವುದಿಲ್ಲ. ಹಳೆಯ ಬೈಕು ಓಡಬೇಕಾದರೆ ಹಳೆಯ ಮೆಕ್ಯಾನಿಕ್‌ಗಳ ಕೈಚಳಕವೇ ಗತಿ. ಎಷ್ಟೋ ಅಳತೆಗಳು ಅವರ ನೆನಪಿನಲ್ಲಷ್ಟೇ ಇವೆ. ಅವರಿರುವಾಗಲೇ ಅವನ್ನು ಬರೆದಿಟ್ಟುಕೊಳ್ಳದಿದ್ದರೆ, ನಾಳೆ ಲೇತ್ ಇದ್ದೂ ಪ್ರಯೋಜನವಾಗದು.