ಕಾರಿನ ಗೀರು ಮತ್ತು ಡೂಕೋ ಬಣ್ಣದ ಕಥೆ



ಕಳೆದ ತಿಂಗಳು ಶಾಲೆಯ ಅಂಗಳದಲ್ಲಿ ನಿಲ್ಲಿಸಿದ್ದ ನನ್ನ ಹಳೆಯ ಕಾರಿಗೆ ಐದನೇ ತರಗತಿಯ ಹುಡುಗನೊಬ್ಬನ ಸೈಕಲ್ ತಾಗಿ, ಬಾಗಿಲ ಮೇಲೆ ಗೇಣುದ್ದ ಗೀರು ಬಿತ್ತು. ಹೆದರಿದ ಹುಡುಗ ಮರುದಿನ ಶಾಲೆಗೇ ಬರಲಿಲ್ಲ. ಸಂಜೆ ತಂದೆಯೇ ಅವನನ್ನು ಕರೆತಂದರು. ಅವರು ಹೊಸೂರಿನ ಶೆಡ್ಡೊಂದರಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವವರು. ಗೀರಿನ ಮೇಲೆ ಉಗುರು ಆಡಿಸಿ, "ಉಗುರು ಸಿಕ್ಕಿಕೊಳ್ತಿಲ್ಲ ಸಾರ್, ಪಾಲಿಶ್‌ಗೇ ಹೋಗುತ್ತೆ. ಡೂಕೋ ಹೊಡೆಯೋದು ಬೇಡ" ಎಂದರು.

"ಡೂಕೋ ಅಂದರೇನಪ್ಪಾ?" ಎಂದೆ.

"ಗೊತ್ತಿಲ್ಲ ಸಾರ್. ಕೆಲಸ ಕಲಿಸಿದ ಮೇಸ್ತ್ರಿ ಹಾಗೇ ಅಂತಿದ್ರು."

ಹೊಸೂರು ಗಾಡಿಗಳ ಊರು. 1980ರಲ್ಲಿ ಅಶೋಕ್ ಲೇಲ್ಯಾಂಡ್ ಕಾರ್ಖಾನೆ ಇಲ್ಲಿ ಆರಂಭವಾಯಿತು. ಟಿವಿಎಸ್ 50 ಮೊಪೆಡ್ ಇಲ್ಲಿಂದ ಹೊರಬಂದದ್ದೂ ಅದೇ ವರ್ಷ. ನಮ್ಮ ಅನೇಕ ಮಕ್ಕಳ ಮನೆಯಲ್ಲಿ ಯಾರಾದರೊಬ್ಬರು ಗಾಡಿ ಕೆಲಸದವರೇ. ಹೀಗಾಗಿ ಈ ಪದದ ಚರಿತ್ರೆ ನಾವು ತಿಳಿಯಬೇಕಾದದ್ದು.

ಮೊದಲ ಕಾರುಗಳಿಗೆ ಕುದುರೆ ಸಾರೋಟಿನಂತೆಯೇ ಎಣ್ಣೆ ಬಣ್ಣ, ವಾರ್ನಿಷ್ ಬಳಿಯುತ್ತಿದ್ದರು. ಒಂದೊಂದು ಪದರ ಒಣಗಿ, ಉಜ್ಜಿ, ಮತ್ತೆ ಬಳಿದು ಮುಗಿಸಲು ವಾರಗಳೇ ಬೇಕಾಗುತ್ತಿದ್ದವು. ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ಸಿಗುತ್ತಿತ್ತು.

ಅಮೆರಿಕದ ಡ್ಯುಪಾಂಟ್ ಕಂಪನಿ 1802ರಲ್ಲಿ ಹುಟ್ಟಿದ್ದು ಮದ್ದಿನಪುಡಿ ತಯಾರಿಸಲು. ಹತ್ತಿಯನ್ನು ಆಮ್ಲದಲ್ಲಿ ಸಂಸ್ಕರಿಸಿ ಪಡೆಯುವ ನೈಟ್ರೋಸೆಲ್ಯುಲೋಸ್ ಕೂಡ ಒಂದು ಮದ್ದು. ಮೊದಲ ಮಹಾಯುದ್ಧ ಮುಗಿದ ಮೇಲೆ ಅದೇ ವಸ್ತುವಿನಿಂದ ಕಂಪನಿಯು ಹೊಸ ಬಣ್ಣವೊಂದನ್ನು ತಯಾರಿಸಿತು. ಅದರ ಹೆಸರೇ ಡೂಕೋ! 1924ರ ಮಾದರಿಯ ಓಕ್‌ಲ್ಯಾಂಡ್ ಕಾರುಗಳು ಈ ಬಣ್ಣ ತೊಟ್ಟು ನೀಲಿಯಾಗಿ ಬಂದವು. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ರಿಪೇರಿಯೂ ಸುಲಭವಾಯಿತು. ಏಕೆಂದರೆ ಹೊಸದಾಗಿ ಹೊಡೆದ ಬಣ್ಣದ ಥಿನ್ನರ್ ಹಳೆಯ ಪದರವನ್ನು ಸ್ವಲ್ಪ ಕರಗಿಸಿ ಎರಡನ್ನೂ ಒಂದಾಗಿಸುತ್ತದೆ. ಕಂಪನಿ ಇಟ್ಟ ಆ ಹೆಸರು ಕ್ರಮೇಣ ನಮ್ಮ ಶೆಡ್‌ಗಳಲ್ಲಿ ಸ್ಪ್ರೇ ಬಣ್ಣಕ್ಕೆಲ್ಲ ಹೆಸರಾಯಿತು.

ಇಂಥ ಬಣ್ಣಕ್ಕೆ ಇಂಗ್ಲಿಷಿನಲ್ಲಿ ಲ್ಯಾಕರ್ ಎನ್ನುತ್ತಾರೆ. ಆ ಪದದ ಮೂಲ ಸಂಸ್ಕೃತದ 'ಲಾಕ್ಷಾ', ಅಂದರೆ ನಮ್ಮ ಅರಗು. ಚನ್ನಪಟ್ಟಣದ ಗೊಂಬೆಗಳ ಹೊಳಪು ಅದರದೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಆರಂಭವಾಯಿತು. ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು 1962ರಿಂದ ತಯಾರಿಸುತ್ತಿರುವುದು ಅದೇ ಸಂಸ್ಥೆ.

ಈಗಿನ ಕಾರಿನಲ್ಲಿ ತಗಡಿನ ಮೇಲೆ ತುಕ್ಕು ತಡೆಯುವ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತದೆ. ಎಲ್ಲಾ ಸೇರಿದರೂ ದಪ್ಪ ಒಂದೆರಡು ಹಾಳೆ ಕಾಗದದಷ್ಟೇ. ಉಗುರಿಗೆ ಸಿಗದ ಗೀರು ಸಾಮಾನ್ಯವಾಗಿ ಕ್ಲಿಯರ್ ಕೋಟ್‌ನಲ್ಲೇ ಇರುತ್ತದೆ. ಅದನ್ನು ತೊಳೆದು, ನೆರಳಿನಲ್ಲಿ ರಬ್ಬಿಂಗ್ ಕಾಂಪೌಂಡ್ ಹಾಕಿ ಮೆತ್ತನೆಯ ಬಟ್ಟೆಯಿಂದ ಉಜ್ಜಿದರೆ ಸಾಕು. ಜಾಸ್ತಿ ಉಜ್ಜಿದರೆ ಕ್ಲಿಯರ್ ಕೋಟೇ ಸವೆದೀತು. ಬಣ್ಣ ಎದ್ದುಹೋಗಿದ್ದರೆ ಕಾರಿನ ಬಣ್ಣದ ಕೋಡ್ ನೋಡಿ ಟಚ್‌ಅಪ್ ಬಣ್ಣ ತಂದು, ಸಣ್ಣ ಕುಂಚದಿಂದ ತೆಳುವಾಗಿ ಹಚ್ಚಿ, ಒಣಗಿಸಿ, ಮತ್ತೊಮ್ಮೆ ಹಚ್ಚಬೇಕು. ಕೊನೆಗೆ ಕ್ಲಿಯರ್ ಕೋಟ್. ತಗಡೇ ಕಂಡರೆ ಮೊದಲು ತುಕ್ಕು ಉಜ್ಜಿ ತೆಗೆದು ಪ್ರೈಮರ್ ಹಚ್ಚಲೇಬೇಕು. ಇಲ್ಲದಿದ್ದರೆ ತುಕ್ಕು ಬಣ್ಣದ ಕೆಳಗೇ ಹರಡುತ್ತದೆ.

ಮರುದಿನ ನಾನೂ ಆ ಹುಡುಗನೂ ಸೇರಿ ಉಜ್ಜಿದೆವು. ಅರ್ಧ ಗಂಟೆಯಲ್ಲಿ ಗೀರು ಕಾಣದಾಯಿತು. ಹುಡುಗ ನಕ್ಕ.

ಆದರೆ ಅವನ ತಂದೆಯ ಕೆಮ್ಮು ನನ್ನ ಮನಸ್ಸಿನಲ್ಲಿ ಉಳಿಯಿತು. ಈಗ ಶೆಡ್‌ಗಳಲ್ಲಿ ಹೊಡೆಯುವ ಪಿಯು ಬಣ್ಣದ ಹಾರ್ಡನರ್‌ನಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕವಿದೆ. ಉಸಿರಿನೊಡನೆ ಒಳಹೋದರೆ ಅದು ಅಸ್ತಮಾ ತರಬಲ್ಲದು. ಮೂಗಿಗೆ ಕರ್ಚೀಫ್ ಕಟ್ಟಿದರೆ ತಡೆಯುವುದಿಲ್ಲ. ಸೀಸದ ವಿಷಯವೂ ಹಾಗೆಯೇ. ಬಣ್ಣದಲ್ಲಿ ಸೀಸಕ್ಕೆ ಮಿತಿ ಹಾಕಿದ 2016ರ ಕೇಂದ್ರ ನಿಯಮ ಮನೆಗೆ ಬಳಿಯುವ ಮತ್ತು ಅಲಂಕಾರಿಕ ಬಣ್ಣಗಳಿಗೆ ಮಾತ್ರ, ಗಾಡಿ ಬಣ್ಣಗಳಿಗಲ್ಲ. "ಒಳ್ಳೆ ಮಾಸ್ಕ್ ಹಾಕ್ಕೊಳ್ಳಪ್ಪಾ" ಎಂದಾಗ ಅವರು, "ಓನರ್ ಕೊಟ್ಟರೆ ಹಾಕ್ಕೋತೀನಿ ಸಾರ್" ಎಂದರು.

ಶಿಕ್ಷಕ ಬಂಧುಗಳೇ, ನಮ್ಮ ಮಕ್ಕಳಲ್ಲಿ ಕೆಲವರು ನಾಳೆ ಇದೇ ಶೆಡ್‌ಗಳಿಗೆ ಹೋಗುವವರು. ಆಮ್ಲ, ತುಕ್ಕು, ಲೋಹಗಳ ಪಾಠ ಮಾಡುವಾಗ ಮಾಸ್ಕಿನ ಮಾತನ್ನೂ ಕನ್ನಡದಲ್ಲೇ ಹೇಳಿಕೊಡೋಣ. ಕಾರಿನ ಗೀರು ಅಳಿಸಬಹುದು, ಶ್ವಾಸಕೋಶದ ಗೀರಿಗೆ ಪಾಲಿಶ್ ಇಲ್ಲ.