ಹಸಿರುಮನೆ ಅನಿಲ ಕಡಿತ: ಉದ್ಯಮವಾರು ವಿಧಾನಗಳು

ಕಾರ್ಖಾನೆ, ವಿದ್ಯುತ್ ಸ್ಥಾವರ, ಹೊಲಗದ್ದೆಗಳಿಂದ ವಾತಾವರಣ ಸೇರುವ ಇಂಗಾಲದ ಡೈಆಕ್ಸೈಡ್, ಮೀಥೇನ್ ಮುಂತಾದ ಅನಿಲಗಳನ್ನು ತಗ್ಗಿಸುವ ಕ್ರಮಗಳು. ಅನಿಲ ಹುಟ್ಟುವ ಬಗೆ ಒಂದೊಂದು ಉದ್ಯಮದಲ್ಲಿ ಒಂದೊಂದು ತೆರ, ಮದ್ದೂ ಹಾಗೆಯೇ.

ಎಲ್ಲಕ್ಕಿಂತ ಹಟಮಾರಿ ಸಿಮೆಂಟ್. ಗೂಡಿನ ಇಂಧನ ಬದಲಿಸಿದರೂ ಸುಣ್ಣದಕಲ್ಲು ಕಾದಾಗ ತನ್ನೊಳಗಿನ ಇಂಗಾಲದ ಡೈಆಕ್ಸೈಡ್ ಅನ್ನು ಬಿಟ್ಟೇ ಬಿಡುತ್ತದೆ. ಈ ಉದ್ಯಮದ ಹೊರಸೂಸುವಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕಲ್ಲಿನದೇ. ಹಾಗಾಗಿ ಸುಣ್ಣದಕಲ್ಲು ಸುಟ್ಟು ತಯಾರಿಸುವ, ಸಿಮೆಂಟಿನ ಮುಖ್ಯ ಘಟಕವಾದ ಕ್ಲಿಂಕರ್‌ನ ಪ್ರಮಾಣವನ್ನೇ ಇಳಿಸುವುದು ದಾರಿ. ಭಾರತದಲ್ಲಿ ಹಾರುಬೂದಿ, ಉಕ್ಕಿನ ಕಿಟ್ಟ ಬೆರೆಸುವುದು ರೂಢಿಯಲ್ಲಿದೆ. ಸ್ವಿಟ್ಜರ್ಲೆಂಡ್, ಕ್ಯೂಬಾ ಮತ್ತು ಭಾರತದ ಐಐಟಿಗಳ ಸಂಶೋಧಕರು ರೂಪಿಸಿದ ‘ಎಲ್‌ಸಿ3’ ಸಿಮೆಂಟಿನಲ್ಲಿ ಕ್ಲಿಂಕರ್ ಸುಮಾರು ಅರ್ಧದಷ್ಟು ಮಾತ್ರ. ಉಳಿದದ್ದು ಸುಟ್ಟ ಜೇಡಿ, ಸುಣ್ಣದಕಲ್ಲಿನ ಪುಡಿ, ಜಿಪ್ಸಂ. ಹೊರಸೂಸುವಿಕೆ ಶೇ 40ರವರೆಗೆ ತಗ್ಗುತ್ತದೆ.

ಉಕ್ಕಿನಲ್ಲಿ ಸಮಸ್ಯೆ ಕಲ್ಲಿದ್ದಲಿನಿಂದ ಮಾಡುವ ಕೋಕ್‌ನದು. ಅದಿರಿನ ಆಮ್ಲಜನಕವನ್ನು ಕೋಕ್ ಬದಲು ಜಲಜನಕದಿಂದ ತೆಗೆದರೆ ಹೊರಬರುವುದು ನೀರಾವಿ. ಸ್ವೀಡನ್ನಿನ ‘ಹೈಬ್ರಿಟ್’ ಯೋಜನೆ ಹೀಗೆ ತಯಾರಿಸಿದ ಉಕ್ಕನ್ನು 2021ರಲ್ಲಿ ವೋಲ್ವೊ ಕಂಪನಿಗೆ ಒದಗಿಸಿತು.

ವಿದ್ಯುತ್ ಕ್ಷೇತ್ರದಲ್ಲಿ ಕಲ್ಲಿದ್ದಲಿಗೆ ಬದಲು ಗಾಳಿ, ಬಿಸಿಲು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರಿಂದ ಜಮೀನನ್ನು ಗುತ್ತಿಗೆಗೆ ಪಡೆದು 2,050 ಮೆಗಾವಾಟ್‌ನ ಸೌರ ಪಾರ್ಕ್ ಕಟ್ಟಲಾಗಿದೆ.

ಭತ್ತದ ಗದ್ದೆಯಲ್ಲಿ ಸದಾ ನೀರು ನಿಲ್ಲಿಸದೆ ಆಗಾಗ ಆರಗೊಟ್ಟರೆ, ಮೀಥೇನ್ ಉತ್ಪಾದಿಸುವ ಸೂಕ್ಷ್ಮಜೀವಿಗಳ ಚಟುವಟಿಕೆ ಕುಗ್ಗುತ್ತದೆ, ನೀರೂ ಉಳಿಯುತ್ತದೆ.